ಚೌತಿಯ ರಜೆ, ಓಣಂನ ಪಿಂಚಣಿ: ಕಚೇರಿಯ ಜಗಳದೊಳಗೆ ಏನಿರುತ್ತದೆ?

2022ರಲ್ಲಿ ಚೌತಿ ಆಗಸ್ಟ್ 31ಕ್ಕೆ ಬಿದ್ದಿತ್ತು, ಓಣಂನ ಮುಖ್ಯ ದಿನವಾದ ತಿರುವೋಣಂ ಸೆಪ್ಟೆಂಬರ್ 8ಕ್ಕೆ. ಕಾಸರಗೋಡಿನ ಸಹಕಾರಿ ಸಂಘಗಳಲ್ಲಿ ದುಡಿದವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳಿಯಾರು. ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓಣಂ ಹತ್ತಿರ ಬಂದಾಗ ಕೇರಳ ಸರ್ಕಾರ ಕ್ಷೇಮ ಪಿಂಚಣಿ ಬಿಡುಗಡೆ ಮಾಡುತ್ತದೆ. ಒಂದಷ್ಟು ಜನರಿಗೆ ಅದು ಬ್ಯಾಂಕ್ ಖಾತೆಗೆ ಹೋಗುತ್ತದೆ. ಉಳಿದವರಿಗೆ ಸಹಕಾರಿ ಸಂಘದವರು ಮನೆಗೇ ಹೋಗಿ ಕೈಯಲ್ಲಿ ಕೊಟ್ಟು ಬರಬೇಕು. ಆ ವರ್ಷ ತಿಂಗಳಿಗೆ 1600ರಂತೆ ಎರಡು ತಿಂಗಳದ್ದು ಒಟ್ಟಿಗೆ ಬಂದಿತ್ತು, ಒಬ್ಬರಿಗೆ 3200 ರೂಪಾಯಿ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಗುಡ್ಡೆ ಹತ್ತಬೇಕು, ತೋಡು ದಾಟಬೇಕು, "ನಾಯಿ ಕಟ್ಟಿದ್ದೀರಾ?" ಎಂದು ದೂರದಿಂದಲೇ ಬೊಬ್ಬೆ ಹೊಡೆಯಬೇಕು, ಮಲಗಿದಲ್ಲೇ ಇರುವ ಅಜ್ಜಿಯ ಹತ್ತಿರ ಕೂತು ನೋಟು ಎಣಿಸಿ ಕೊಡಬೇಕು, ಸಂಜೆ ಬಂದು ಲೆಕ್ಕ ಒಪ್ಪಿಸಬೇಕು.

ಆಗ ನಾನು ಗಡಿ ಕಡೆಯ ಒಂದು ಸಂಘದಲ್ಲಿ ಸೆಕ್ರೆಟರಿ. ಪೈವಳಿಕೆ ಕಡೆಯ ಅಕ್ಕ ಮೂರು ದಿನದ ರಜೆ ಬರೆದು ಕೊಟ್ಟರು: ಚೌತಿ, ಅದರ ಹಿಂದಿನ ದಿನ, ಮರುದಿನ. ನೀಲೇಶ್ವರದಿಂದ ಬರುತ್ತಿದ್ದ ಚೇಟ್ಟನ ಕಣ್ಣಿಗೆ ಆ ಕಾಗದ ಬಿತ್ತು. (ಚೇಟ್ಟ ಎಂದರೆ ಮಲಯಾಳದಲ್ಲಿ ಅಣ್ಣ. ಅಕ್ಕ, ಚೇಟ್ಟ ಎಂದೇ ಬರೆಯುತ್ತೇನೆ. ಹೆಸರು ಬೇಡ, ಇಬ್ಬರೂ ಈಗಲೂ ಕೆಲಸದಲ್ಲಿದ್ದಾರೆ.)

"ಪಿಂಚಣಿ ಮುಗಿಯದೆ ರಜೆ ಎಂಥದ್ದು ಸಾರೇ? ನಡೆಯಲಿಕ್ಕೆ ನಾವು ಮಾತ್ರವಾ?"

"ಓಣಂಗೆ ನೀವು ಹತ್ತು ದಿನ ಊರಿಗೆ ಹೋಗುವಾಗ ನಾವು ಕೇಳಿದ್ದುಂಟಾ?"

"ಹತ್ತಲ್ಲ, ನಾಲ್ಕು."

"ಲೆಕ್ಕ ನಮಗೂ ಬರ್ತದೆ."

ಹತ್ತು ನಿಮಿಷದೊಳಗೆ ಅದು ರಜೆಯ ಮಾತಾಗಿ ಉಳಿಯಲಿಲ್ಲ. ಚೌತಿಯೋ ಓಣಮೋ ಎಂದಾಯಿತು, ಆಮೇಲೆ ಕನ್ನಡವೋ ಮಲಯಾಳವೋ ಎಂದಾಯಿತು. ಅಟೆಂಡರ್ ಒಂದು ಕಡೆ ನಿಂತ, ಕ್ಯಾಷಿಯರ್ ಇನ್ನೊಂದು ಕಡೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ಸರಿಯೋ ತಪ್ಪೋ ಎಂಬುದು ನಮ್ಮ ಕ್ಯಾಷ್ ಕೌಂಟರಿನ ಹಿಂದೆ ಇನ್ನೊಮ್ಮೆ ಚರ್ಚೆಗೆ ಬಂತು.

ನನ್ನ ಮೊದಲ ಯೋಚನೆ ಎಲ್ಲ ಸೆಕ್ರೆಟರಿಗಳಿಗೂ ಬರುವಂಥದ್ದೇ: ಮೂರು ದಿನ ಕೇಳಿದ್ದಾರೆ, ಒಂದೂವರೆ ಕೊಟ್ಟು ಮುಗಿಸುವ. ಅದನ್ನು ಹಾಗೆಯೇ ಬರೆದು ಸಹಿ ಹಾಕುವವನಿದ್ದೆ. ಆ ಹೊತ್ತಿಗೆ ಒಬ್ಬ ಸದಸ್ಯರು ಸಾಲದ ವಿಷಯ ಹಿಡಿದು ಬಂದು ಕೂತರು, ಕಾಗದ ಮೇಜಿನ ಮೇಲೆಯೇ ಉಳಿಯಿತು. ಈಗ ಯೋಚಿಸಿದರೆ ಆ ಸದಸ್ಯರಿಗೆ ಒಂದು ಚಹಾ ಹೆಚ್ಚು ಕುಡಿಸಬೇಕಿತ್ತು.

ಬೇಕೆಂದು ಹೇಳಿದ್ದು, ನಿಜವಾಗಿ ಬೇಕಾದ್ದು

ಮಧ್ಯಾಹ್ನ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಒಂದೇ ಪ್ರಶ್ನೆ ಕೇಳಿದೆ. "ನೀವು ಹೇಳಿದ ಹಾಗೆ ಆಗದಿದ್ದರೆ ನಿಮಗೆ ಏನು ತೊಂದರೆ?"

ಅಕ್ಕನ ಅತ್ತೆ ಎರಡು ತಿಂಗಳ ಹಿಂದೆ ಜಾರಿ ಬಿದ್ದು ಸೊಂಟ ಪೆಟ್ಟು ಮಾಡಿಕೊಂಡಿದ್ದರು. ಕುಟುಂಬದ ಮನೆಯಲ್ಲಿ ಚೌತಿಗೆ ನಲವತ್ತು ಜನರ ಊಟ, ಅಡುಗೆಗೆ ಇವರೊಬ್ಬರೇ. ಹಿಂದಿನ ದಿನ ಮಧ್ಯಾಹ್ನದ ಮೇಲೆ ಮನೆಗೆ ಮುಟ್ಟಲೇಬೇಕು. ಮರುದಿನ? "ಅದು ಬೇಕೂಂತ ಇಲ್ಲ. ಮೂರು ಕೇಳಿದ್ರೆ ನೀವು ಎರಡು ಕೊಡ್ತೀರಿ ಅಂತ ಬರೆದದ್ದು."

ಚೇಟ್ಟನಿಗೆ ಅಕ್ಕನ ರಜೆಯ ಮೇಲೆ ಸಿಟ್ಟೇ ಇರಲಿಲ್ಲ. ಹಿಂದಿನ ವರ್ಷ ಸಂಜೆ ಒಬ್ಬರೇ ಹಣ ಎಣಿಸುವಾಗ ಒಂದು ಪಿಂಚಣಿಯಷ್ಟು ಕಡಿಮೆ ಬಂದು, ಅದನ್ನು ಕೈಯಿಂದ ಹಾಕಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಅಕ್ಕ ಇಲ್ಲದ ದಿನ ಆ ಕಡೆಯ ತುಳು ಮಾತಾಡುವ ಮನೆಗಳಿಗೆ ಇವರೇ ಹೋಗಬೇಕು. ಅಲ್ಲಿನ ಹಿರಿಯರಿಗೆ ಇವರ ಗುರುತಿಲ್ಲ, ಇವರಿಗೆ ಅವರ ಭಾಷೆ ಇಲ್ಲ. ಕೈಯಲ್ಲಿ ಕಂತೆ ಹಣ ಹಿಡಿದು ಅಂಗಳದಲ್ಲಿ ನಿಂತು "ನಾನು ಸಂಘದಿಂದ" ಎಂದರೆ ಬಾಗಿಲು ಹಾಕಿಕೊಂಡವರಿದ್ದಾರೆ.

ಈಗ ನೋಡಿ. ಒಬ್ಬರು ಕೇಳಿದ್ದು ಮೂರು ದಿನ, ಬೇಕಾದ್ದು ಒಂದೂವರೆ ದಿನ. ಇನ್ನೊಬ್ಬರು ಹೇಳಿದ್ದು "ರಜೆ ಕೊಡಬೇಡಿ" ಎಂದು, ಬೇಕಾದ್ದು ಎಣಿಸುವಾಗ ಇನ್ನೊಂದು ಜೋಡಿ ಕಣ್ಣು ಮತ್ತು ಆ ಮನೆಗಳಲ್ಲೊಂದು ಪರಿಚಯ. ಈ ಎರಡಕ್ಕೂ ಒಂದಕ್ಕೊಂದು ತಕರಾರೇ ಇಲ್ಲ! ಶನಿವಾರ ಅಕ್ಕ ಚೇಟ್ಟನನ್ನು ಕರೆದುಕೊಂಡು ತುಳು ಮನೆಗಳಿಗೆಲ್ಲ ಒಂದು ಸುತ್ತು ಹೋಗಿ "ಇವರು ನಮ್ಮವರೇ" ಎಂದು ಹೇಳಿ ಬಂದರು. ಸಂಜೆಯ ಎಣಿಕೆಗೆ ಇಬ್ಬರು ಕೂರಬೇಕು, ಇಬ್ಬರ ಸಹಿ ಬೀಳಬೇಕು ಎಂದು ಮಾಡಿದೆವು. ಓಣಂನ ಹಿಂದಿನ ದಿನ, ಉತ್ರಾಡದಂದು, ಚೇಟ್ಟ ಮಧ್ಯಾಹ್ನದ ರೈಲಿಗೆ ಹೊರಟರು. ಅವರ ಕೌಂಟರಿನಲ್ಲಿ ಅಕ್ಕ ಕೂತರು.

ನಾನು ಒಂದೂವರೆ ದಿನಕ್ಕೆ ಸಹಿ ಹಾಕಿದ್ದರೂ ಅಕ್ಕನಿಗೆ ಸಿಗುತ್ತಿದ್ದದ್ದು ಅಷ್ಟೇ ದಿನ. ಆದರೆ ಅಕ್ಕ ಮುಂದಿನ ವರ್ಷ ಐದು ದಿನ ಕೇಳುತ್ತಿದ್ದರು, ಚೇಟ್ಟನ ಹೆದರಿಕೆ ಹಾಗೇ ಉಳಿಯುತ್ತಿತ್ತು. ಅರ್ಧಕ್ಕೆ ಇಳಿಸುವ ಸೆಕ್ರೆಟರಿ ಇದ್ದಲ್ಲಿ ಎಲ್ಲರೂ ದುಪ್ಪಟ್ಟು ಬರೆಯಲು ಕಲಿಯುತ್ತಾರೆ.

ಇದನ್ನು ಕಂಡುಹಿಡಿದದ್ದು ನಾನೇನಲ್ಲ. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಮಹಿಳೆ 1925ರ ಒಂದು ಉಪನ್ಯಾಸದಲ್ಲಿ ಇದನ್ನೇ ಹೇಳಿದ್ದರು. 1868ರಲ್ಲಿ ಹುಟ್ಟಿ 1933ರಲ್ಲಿ ತೀರಿಕೊಂಡ ಫಾಲೆಟ್, ಬಾಸ್ಟನ್ನಿನ ಬಡಾವಣೆಗಳಲ್ಲಿ ಸಮುದಾಯ ಕೇಂದ್ರಗಳನ್ನು ಕಟ್ಟಿ ಅನುಭವ ಪಡೆದವರು. ಜಗಳ ಮುಗಿಸಲು ಮೂರು ದಾರಿ ಎಂದರು: ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು, ಇಬ್ಬರಿಗೂ ಬೇಕಾದ್ದಕ್ಕೆ ಜಾಗ ಸಿಗುವಂತೆ ಸಂಗತಿಯನ್ನೇ ಬೇರೆ ರೀತಿ ಜೋಡಿಸುವುದು. ಎರಡನೆಯದನ್ನು ನಾವು ದೊಡ್ಡ ಗುಣವೆಂದು ತಿಳಿದಿದ್ದೇವೆ. ಫಾಲೆಟ್‌ಗೆ ಅದರ ಮೇಲೆ ಅಷ್ಟೇನೂ ಗೌರವ ಇರಲಿಲ್ಲ. ಬಿಟ್ಟುಕೊಟ್ಟ ಭಾಗ ಒಳಗೆ ಕೂತಿರುತ್ತದೆ, ಬೇರೆ ರೂಪದಲ್ಲಿ ಮತ್ತೆ ಬರುತ್ತದೆ ಎನ್ನುವುದು ಅವರ ವಾದ.

ಅವರು ಕೊಟ್ಟ ಒಂದು ಉದಾಹರಣೆ ಸಹಕಾರಿ ಕ್ಷೇತ್ರದ್ದೇ. ಹಾಲು ಉತ್ಪಾದಕರ ಒಂದು ಸಹಕಾರಿ ಒಕ್ಕೂಟ ಒಡೆದುಹೋಗುವ ಹಂತಕ್ಕೆ ಬಂದಿತ್ತು. ಕಾರಣ, ಡೇರಿಯ ಕಟ್ಟೆಯಲ್ಲಿ ಹಾಲಿನ ಕ್ಯಾನ್ ಮೊದಲು ಇಳಿಸುವವರು ಯಾರು ಎಂಬುದು. ಡೇರಿ ಇದ್ದದ್ದು ಇಳಿಜಾರಿನಲ್ಲಿ. ಮೇಲಿನಿಂದ ಇಳಿದು ಬರುವವರು ತಾವು ಮೊದಲು ಎಂದರು, ಕೆಳಗಿನಿಂದ ಹತ್ತಿ ಬರುವವರು ತಾವು ಮೊದಲು ಎಂದರು. ಇಬ್ಬರ ತಲೆಯಲ್ಲೂ ಇದ್ದದ್ದು ಎರಡೇ ಉತ್ತರ. ಹೊರಗಿನಿಂದ ಬಂದ ಒಬ್ಬರು ಕಟ್ಟೆಯ ಜಾಗವನ್ನೇ ಬದಲಿಸಿ ಎಂದರು. ಎರಡೂ ಕಡೆಯವರು ಒಟ್ಟಿಗೆ ಇಳಿಸಬಹುದಾಯಿತು. ನಮ್ಮ ಯಾವ ಹಾಲಿನ ಸೊಸೈಟಿಯ ಮುಂದೆ ಬೆಳಿಗ್ಗೆ ಆರೂವರೆಗೆ ನಿಂತರೂ ಈ ಕಥೆ ನಂಬಲು ಕಷ್ಟವಿಲ್ಲ.

ಹಾಗೆಂದು ಎಲ್ಲ ಜಗಳಕ್ಕೂ ಕಟ್ಟೆ ಬದಲಿಸುವ ಉತ್ತರ ಇರುವುದಿಲ್ಲ. ಒಂದೇ ಬಡ್ತಿ, ಇಬ್ಬರು ಅರ್ಹರು ಎಂದಾದರೆ ಒಬ್ಬರಿಗೆ ಬೇಸರ ಆಗಿಯೇ ಆಗುತ್ತದೆ. ಆಗ ನಾಯಕನ ಕೆಲಸ ಕಾರಣವನ್ನು ಮುಖ ನೋಡಿ ಹೇಳುವುದು, ನೋಟಿಸ್ ಬೋರ್ಡಿನಿಂದ ಗೊತ್ತಾಗಲು ಬಿಡದಿರುವುದು.

ಅರ್ಥಧಾರಿಗಳ ಜಗಳ

ಕೆಲಸದ ಜಾಗದ ಜಗಳಗಳನ್ನು ಸಂಶೋಧಕರು ಸಾಮಾನ್ಯವಾಗಿ ಮೂರಾಗಿ ವಿಂಗಡಿಸುತ್ತಾರೆ. ಕೆಲಸ ಏನು ಎಂಬ ಬಗ್ಗೆ ಭಿನ್ನಾಭಿಪ್ರಾಯ: ಈ ಸಾಲ ಕೊಡಬಹುದೋ ಬಾರದೋ. ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬ ತಕರಾರು: ಸಂಜೆ ಲೆಕ್ಕ ಯಾರ ತಲೆಗೆ. ಮೂರನೆಯದು ಮನುಷ್ಯರ ನಡುವಿನದು: ಅವರ ಮುಖ ಕಂಡರಾಗದು. ಕ್ಯಾರೆನ್ ಜೆನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಮೊದಲನೆಯದನ್ನೂ ಮೂರನೆಯದನ್ನೂ ಬೇರೆ ಬೇರೆಯಾಗಿ ನೋಡುವ ರೂಢಿ ಬಲವಾಯಿತು. ಕೆಲಸದ ಬಗೆಗಿನ ವಾದ ತಂಡಕ್ಕೆ ಒಳ್ಳೆಯದು, ಮನುಷ್ಯರ ನಡುವಿನ ಜಗಳ ಕೆಟ್ಟದ್ದು ಎಂದು ತರಬೇತಿಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಅಷ್ಟು ಸಲೀಸಿಲ್ಲ. 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸರಾಸರಿಯಲ್ಲಿ ಎರಡೂ ಕೆಲಸಕ್ಕೆ ಪೆಟ್ಟು ಕೊಡುವುದೇ ಕಂಡಿತು. ಕಾರಣ, ಮೊದಲನೆಯದು ಮೂರನೆಯದಾಗಿ ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಮ್ಮ ಕಚೇರಿಯಲ್ಲಿ ಹತ್ತು ನಿಮಿಷ ಸಾಕಾಗಿತ್ತು.

ತಿರುಗದಂತೆ ನೋಡಿಕೊಳ್ಳುವುದು ಸಾಧ್ಯವೇ? ತಾಳಮದ್ದಳೆ ಕೇಳಿದವರು ಸಾಧ್ಯವಿಲ್ಲ ಎನ್ನಲಾರರು. ಕುಂಬಳೆ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ; ಬಿಳಿ ಪಂಚೆ ಉಟ್ಟ ನಾಲ್ಕೈದು ಅರ್ಥಧಾರಿಗಳು ಕೂತು ಪುರಾಣದ ಪಾತ್ರಗಳಾಗಿ ವಾದ ಮಾಡುತ್ತಾರೆ. ಬಾಣ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗೆ ಸಭೆಯೇ ತಣ್ಣಗಾಗುತ್ತದೆ. ರಾಮನ ಅರ್ಥ ಹೇಳುವವರು ಒಂದು ಕ್ಷಣ ತಡವರಿಸಿದರೆ ವಾಲಿ ಬಿಡುವುದಿಲ್ಲ. ಪ್ರಸಂಗ ಮುಗಿದ ಮೇಲೆ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಅವಲಕ್ಕಿ, ಕಾಫಿ ತೆಗೆದುಕೊಳ್ಳುತ್ತಾರೆ. ಅಪರೂಪಕ್ಕೆ ತಪ್ಪುವುದೂ ಉಂಟು. ಅರ್ಥಧಾರಿ ಪಾತ್ರವನ್ನು ಬಿಟ್ಟು ಎದುರಿನ ಮನುಷ್ಯನನ್ನು ಹಿಡಿದುಕೊಂಡಾಗ, "ಶಾಸ್ತ್ರ ಓದದವರಿಗೆ ಇದು ಗೊತ್ತಾಗದು" ಎಂಬಂಥ ಮಾತು ಬಂದಾಗ, ಪದ ಹಾಡಿ ಪ್ರಸಂಗ ನಡೆಸುವ ಭಾಗವತರು ಏನು ಮಾಡುತ್ತಾರೆ ಗಮನಿಸಿದ್ದೀರಾ? ಅವರು ವಾದಕ್ಕೆ ಇಳಿಯುವುದಿಲ್ಲ, ಯಾರನ್ನೂ ಗದರಿಸುವುದಿಲ್ಲ. ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ ಎತ್ತುತ್ತಾರೆ. ಮಾತು ಅಲ್ಲಿಗೆ ನಿಲ್ಲಲೇಬೇಕು, ಪ್ರಸಂಗ ಮುಂದೆ ಹೋಗಲೇಬೇಕು.

ನಾನು ಮೀಟಿಂಗಿನಲ್ಲಿ ಇದನ್ನು ಅನುಸರಿಸಲು ನೋಡಿದ್ದೇನೆ. "ಈ ಸಾಲಕ್ಕೆ ಜಾಮೀನು ಸಾಲದು" ಎನ್ನುವ ತನಕ ಎಷ್ಟು ಬೊಬ್ಬೆ ಹಾಕಿದರೂ ಹಾಕಲಿ. "ನಿಮಗೆ ಯಾವಾಗಲೂ ಹೀಗೇ" ಎಂಬ ಮಾತು ಬಂತೋ, ಫೈಲಿನ ಮುಂದಿನ ಹಾಳೆ ತೆಗೆದು ಗಟ್ಟಿಯಾಗಿ ಓದಲು ಶುರು ಮಾಡುವುದು. "ಯಾವಾಗಲೂ", "ಒಮ್ಮೆಯೂ ಇಲ್ಲ" ಎಂಬ ಎರಡು ಮಾತು ಕೇಳಿಬಂದರೆ ಜಗಳ ಫೈಲಿನಿಂದ ಎದ್ದು ಕುರ್ಚಿಯ ಮೇಲೆ ಹತ್ತಿತೆಂದೇ ಲೆಕ್ಕ.

ವ್ಯಾಕರಣ ಹಚ್ಚುವ ಬೆಂಕಿ

ನಮ್ಮ ಜಿಲ್ಲೆಯ ಕಚೇರಿಗಳಿಗೇ ಮೀಸಲಾದ ಒಂದು ಜಗಳವಿದೆ, ಯಾವ ತರಬೇತಿ ಪುಸ್ತಕದಲ್ಲೂ ಅದು ಸಿಗದು. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದೊಳಗೆ ಕೂತಿರುತ್ತದೆ: ಬಂದ, ಬಂದಳು, ಬಂದರು. ಮಲಯಾಳದಲ್ಲಿ ಕ್ರಿಯಾಪದ ಹಾಗೆ ಬದಲಾಗುವುದಿಲ್ಲ. ಯಾರು ಬಂದರೂ "ವನ್ನು" ಒಂದೇ. ಮರ್ಯಾದೆ ಇರುವುದು ಹೆಸರಿನ ಹಿಂದಿನ ಚೇಟ್ಟನ್, ಚೇಚ್ಚಿ, ಸಾರ್, ಟೀಚರ್‌ನಲ್ಲಿ. ದಕ್ಷಿಣದಿಂದ ಬಂದು ಆರು ತಿಂಗಳಲ್ಲಿ ಕನ್ನಡ ಕಲಿತವರು, ಅದೂ ಹೆಚ್ಚಾಗಿ ಅಂಗಡಿ ಹುಡುಗರಿಂದ ಕಲಿತವರು, "ಪ್ರೆಸಿಡೆಂಟ್ ಸಾರ್ ಬಂದ" ಎನ್ನುತ್ತಾರೆ. ಅವರ ಲೆಕ್ಕದಲ್ಲಿ "ಸಾರ್" ಎಂದಾಯಿತಲ್ಲ, ಮರ್ಯಾದೆ ಸಂದಾಯವಾಯಿತು. ನಮ್ಮ ಕಿವಿಗೆ ಮಾತ್ರ ಆ "ಬಂದ" ಕಪಾಳಕ್ಕೆ ಹೊಡೆದ ಹಾಗೆ.

ಐವತ್ತೈದು ದಾಟಿದ ಒಬ್ಬ ಹಿರಿಯ ಗುಮಾಸ್ತರಿಗೆ ಹೊಸದಾಗಿ ಬಂದ ಹುಡುಗಿ ಕುರ್ಚಿ ಎಳೆದು ಕೊಟ್ಟು, ನಗುನಗುತ್ತಾ "ಕೂತ್ಕೋ" ಎಂದಳು. ಅವರು ಮೂರು ವಾರ ಅವಳ ಮೇಜಿಗೆ ಫೈಲು ಕಳಿಸಲಿಲ್ಲ. ಅವಳಿಗೆ ಕೊನೆಯ ತನಕ ಕಾರಣ ತಿಳಿಯಲಿಲ್ಲ. ಕನ್ನಡದವರೆಲ್ಲ ಒಂದೇ ಗುಂಪು ಎಂದುಕೊಂಡಳು. ಕೊನೆಗೆ ಅಟೆಂಡರ್ ಅವಳಿಗೆ "ಕೂತ್ಕೊಳ್ಳಿ" ಎಂದು ಹೇಳಿಸಿ ಹೇಳಿಸಿ ಕಲಿಸಿದ. ಗುಮಾಸ್ತರಿಗೆ ವಿಷಯ ಹೇಳಿದಾಗ ಅವರು ನಕ್ಕರು. ನಗಲು ಮೂರು ವಾರ ತಡವಾಯಿತು.

ಇಂಥ ಕಡೆ ನಾಯಕತ್ವ ಎಂದರೆ ಅರ್ಧ ದುಭಾಷಿಯ ಕೆಲಸ. ಸಿಟ್ಟು ಬಂದವರು ಅವರದೇ ಭಾಷೆಯಲ್ಲಿ ಮಾತಾಡಲಿ ಎಂದು ನಾನೊಂದು ನಿಯಮ ಮಾಡಿಕೊಂಡಿದ್ದೆ. ಬಾರದ ಭಾಷೆಯಲ್ಲಿ ಸಿಟ್ಟು ಮಾಡಿದರೆ ಮಾತು ಇರುವುದಕ್ಕಿಂತ ಒರಟಾಗುತ್ತದೆ. ಕಾಸರಗೋಡಿನಲ್ಲಿ ಹೆಚ್ಚಿನವರಿಗೆ ಇನ್ನೊಬ್ಬರ ಭಾಷೆ ಕೇಳಿದರೆ ಅರ್ಥವಾಗುತ್ತದೆ, ಆಡಲು ಮಾತ್ರ ಕಷ್ಟ. ಅಷ್ಟು ಸಾಕು.

ಜಾರಿಕೊಳ್ಳುವುದು ಎಂಬ ನಮ್ಮ ಹಳೆಯ ರೋಗ

ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಎಂಬವರು 1974ರಲ್ಲಿ ಜಗಳಕ್ಕೆ ಜನ ಸ್ಪಂದಿಸುವ ಐದು ಬಗೆಗಳನ್ನು ಪಟ್ಟಿ ಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ಅರ್ಧರ್ಧ ಮಾಡುವುದು, ಜಾರಿಕೊಳ್ಳುವುದು, ಕೂತು ಬಿಡಿಸುವುದು. ಐದಕ್ಕೂ ಅದರದರ ಹೊತ್ತಿದೆ. ಲಾಕರಿನ ಬೀಗದ ವಿಷಯದಲ್ಲಿ ಪಟ್ಟು ಹಿಡಿಯಲೇಬೇಕು, ಫ್ಯಾನ್ ಯಾರ ಕಡೆ ತಿರುಗಲಿ ಎಂಬುದಕ್ಕೆ ಬಿಟ್ಟುಕೊಟ್ಟರೆ ಗಂಟು ಹೋಗುವುದಿಲ್ಲ. ಕೂತು ಬಿಡಿಸಲು ಸಮಯ ಬೇಕು, ಮಾರ್ಚ್ ಕೊನೆಯ ವಾರ ಅದು ಯಾರಲ್ಲೂ ಇರುವುದಿಲ್ಲ.

ಜಾರಿಕೊಳ್ಳುವುದರ ಬಗ್ಗೆ ಮಾತ್ರ ನನಗೆ ಹೇಳಲಿಕ್ಕಿದೆ, ಯಾಕೆಂದರೆ ಅದರಲ್ಲಿ ನಾನೇ ನುರಿತವನಾಗಿದ್ದೆ. ಹಿಂದೆ ಒಂದು ಶಾಖೆಯಲ್ಲಿ ಇಬ್ಬರು ಗುಮಾಸ್ತರು ಒಂದು ವೋಚರಿನ ವಿಷಯಕ್ಕೆ ಮಾತು ಬಿಟ್ಟರು. "ನಾಲ್ಕು ದಿನ ಹೋದರೆ ಸರಿಯಾಗ್ತದೆ" ಎಂದು ಬಿಟ್ಟೆ. ನಾಲ್ಕು ದಿನ ನಾಲ್ಕು ವರ್ಷವಾಯಿತು. ಇಬ್ಬರ ಮೇಜಿನ ನಡುವೆ ಎಂಟು ಅಡಿ ದೂರ. ಒಬ್ಬರ ಮೇಜಿನ ಕಾಗದ ಇನ್ನೊಬ್ಬರ ಮೇಜಿಗೆ ಅಟೆಂಡರನ ಕೈಯಲ್ಲಿ ಹೋಗಬೇಕಿತ್ತು. ಅವನು ರಜೆ ಹಾಕಿದ ದಿನ ಸದಸ್ಯರೇ ಕೊಂಡುಹೋಗಬೇಕಿತ್ತು. ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ನಾನು ಅವರನ್ನು ಒಂದು ದಿನವೂ ಎದುರುಬದುರು ಕೂರಿಸಲಿಲ್ಲ. ಹೊಂದಿಕೊಂಡು ಹೋಗುವ ಕಚೇರಿ ನಮ್ಮದು ಎಂದು ಮಹಾಸಭೆಯಲ್ಲಿ ವರದಿ ಓದಿದ್ದೂ ನಾನೇ.

ಹೊಂದಾಣಿಕೆ ಎಂಬ ಮಾತನ್ನು ನಾವು ಬಹಳ ಸಲ ಮೌನಕ್ಕೆ ಇಟ್ಟ ಹೆಸರಾಗಿ ಬಳಸುತ್ತೇವೆ. ಸದ್ದಿಲ್ಲದ ತಂಡ ಒಳ್ಳೆಯ ತಂಡ ಎಂದಾಗಿದ್ದರೆ ಸಂಶೋಧಕರಿಗೆ ಕೆಲಸ ಸುಲಭವಿತ್ತು. ಏಮಿ ಎಡ್ಮಂಡ್ಸನ್ ಎಂಬವರು 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪು ಕಡಿಮೆ ಇರಬೇಕಲ್ಲ? ಲೆಕ್ಕ ತಿರುಗುಮುರುಗಾಗಿ ಬಂತು: ಚೆನ್ನಾಗಿ ನಡೆಯುವ ತಂಡಗಳಲ್ಲೇ ದಾಖಲಾದ ತಪ್ಪು ಹೆಚ್ಚು. ಆಮೇಲೆ ಹೊಳೆಯಿತು, ಅವರು ಹೆಚ್ಚು ತಪ್ಪು ಮಾಡುತ್ತಿಲ್ಲ, ಮಾಡಿದ್ದನ್ನು ಹೇಳುತ್ತಿದ್ದಾರೆ. ಉಳಿದ ಕಡೆ ತಪ್ಪು ಮುಚ್ಚಿಹೋಗುತ್ತಿತ್ತು. ಹೆದರದೆ ಬಾಯಿಬಿಡಬಹುದು ಎಂಬ ಈ ನಂಬಿಕೆಗೆ 1999ರಲ್ಲಿ ಅವರು ತಂಡದ ಮಾನಸಿಕ ಸುರಕ್ಷತೆ ಎಂದು ಹೆಸರು ಕೊಟ್ಟರು. ನಮ್ಮ ಚೇಟ್ಟ ಒಂದು ಪಿಂಚಣಿಯ ಹಣ ಕೈಯಿಂದ ಹಾಕಿ ಒಂದು ವರ್ಷ ಸುಮ್ಮನಿದ್ದದ್ದು ನಮ್ಮ ಕಚೇರಿಯಲ್ಲಿ ಅದು ಎಷ್ಟಿತ್ತು ಎಂಬುದಕ್ಕೆ ಅಳತೆ.

ಈ ಸುರಕ್ಷತೆ ಎಂದರೇನೆಂದು ಕೇಳಿದವರಿಗೆ ನಾನು ಸುರಂಗದ ಉದಾಹರಣೆ ಕೊಡುತ್ತೇನೆ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ಹಿಡಿಯುವಷ್ಟೇ ಅಗಲ. ಒಳಗೆ ಒಬ್ಬ ಪಿಕ್ಕಾಸಿನಲ್ಲಿ ಅಗೆಯುತ್ತಾನೆ, ಹಿಂದಿನವನು ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಪಕ್ಕದಲ್ಲೊಂದು ಮೋಂಬತ್ತಿ. ಅದು ಬೆಳಕಿಗೆ ಮಾತ್ರ ಇಟ್ಟದ್ದಲ್ಲ: ಜ್ವಾಲೆ ಸಣ್ಣದಾದರೆ ಗಾಳಿ ಸಾಲುತ್ತಿಲ್ಲ, ಹೊರಗೆ ಬರಬೇಕು. ಒಳಗಿದ್ದವನು "ಬತ್ತಿ ಸಣ್ಣದಾಯ್ತು, ಬರ್ತೇನೆ" ಎಂದರೆ ಹೊರಗಿದ್ದವನು "ಹೆದರಿದ್ಯಾ? ಇನ್ನೊಂದು ಕೋಲು ಅಗೆ" ಎಂದು ಕಿಚಾಯಿಸುವುದಿಲ್ಲ. ಹಾಗೆ ಕಿಚಾಯಿಸುವವನ ಜೊತೆ ಮರುದಿನ ಸುರಂಗಕ್ಕೆ ಯಾರೂ ಇಳಿಯಲಾರರು. ಕಚೇರಿಯಲ್ಲಿ ಬತ್ತಿ ಸಣ್ಣದಾದದ್ದನ್ನು ಮೊದಲು ಹೇಳುವವರು ಯಾರು, ಹೇಳಿದ ದಿನ ಅವರಿಗೆ ಏನಾಯಿತು ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ.

ಎಂಟು ಜನ ಎಳೆದರೆ ಎಂಟರಷ್ಟಾಗದು

ತಂಡದ ಕೆಲಸದ ಬಗ್ಗೆ ಒಂದು ಹಳೆಯ ಪ್ರಯೋಗ ಹೇಳಿಬಿಡುತ್ತೇನೆ. ರಿಂಗಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದರು. ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆಯುವಾಗಿನ ಬಲವನ್ನು ನೂರು ಎಂದಿಟ್ಟುಕೊಂಡರೆ, ಎಂಟು ಜನ ಒಟ್ಟಿಗೆ ಎಳೆಯುವಾಗ ಒಬ್ಬೊಬ್ಬನ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತು. ಕಾರಣ ಎರಡು. ಎಂಟು ಜನರ ಎಳೆತ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಮತ್ತೆ, "ಏಳು ಜನ ಇದ್ದಾರಲ್ಲ" ಎಂಬ ಒಳಗಿನ ಸಮಾಧಾನ. 1979ರಲ್ಲಿ ಅಮೆರಿಕದ ಸಂಶೋಧಕರು ಜನರಿಂದ ಚಪ್ಪಾಳೆ ತಟ್ಟಿಸಿ, ಬೊಬ್ಬೆ ಹಾಕಿಸಿ ನೋಡಿದಾಗಲೂ ಇದೇ ಕಂಡಿತು.

ಪಿಂಚಣಿ ಪಟ್ಟಿಯನ್ನು "ಎಲ್ಲರೂ ಸೇರಿ ಮುಗಿಸಿ" ಎಂದು ಕೊಟ್ಟ ವರ್ಷ ನಮ್ಮಲ್ಲಿ ಕೊನೆಯ ದಿನ ಹತ್ತಿಪ್ಪತ್ತು ಮನೆ ಬಾಕಿ ಉಳಿಯುತ್ತಿತ್ತು, ಎಲ್ಲವೂ ದೂರದವು, ಎಲ್ಲವೂ ಗುಡ್ಡೆಯ ಮೇಲಿನವು. ವಾರ್ಡು ವಾರ್ಡಾಗಿ ಹೆಸರು ಬರೆದು ಹಂಚಿದ ವರ್ಷ ಉಳಿಯಲಿಲ್ಲ. ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ಒಟ್ಟಿನ ಕೆಲಸದಲ್ಲಿ ತನ್ನ ಪಾಲು ಯಾವುದೆಂದು ಕಣ್ಣಿಗೆ ಕಂಡರೆ ಮನುಷ್ಯ ಎಳೆಯುತ್ತಾನೆ. ಹಂಚುವಾಗ ಮಾತ್ರ ಗುಡ್ಡೆಯ ವಾರ್ಡು ಯಾರಿಗೆ ಎಂಬ ಜಗಳ ಬಂದೇ ಬರುತ್ತದೆ. ಪಟ್ಟಿ ಮಾಡುವ ದಿನವೇ ಅದು ಬಂದು ಹೋಗುವುದು ಮೇಲು.

ಆ ಹಂಚಿಕೆಯನ್ನು ನಾನು ಕೋಣೆಯೊಳಗೆ ಕೂತು ಮಾಡಿ ಅಂಟಿಸಿದ್ದರೆ "ಸೆಕ್ರೆಟರಿಯ ಹುಕುಂ" ಎನಿಸುತ್ತಿತ್ತು. ಪಟ್ಟಿಯನ್ನೂ ದಿನಗಳನ್ನೂ ಮೇಜಿನ ನಡುವೆ ಹರಡಿದೆ: ಇಷ್ಟು ಮನೆ, ಇಷ್ಟು ದಿನ, ಇಷ್ಟು ಜನ. ಆಗ ಹೇಳುವವನು ನಾನಾಗಿರಲಿಲ್ಲ, ಲೆಕ್ಕವೇ ಹೇಳುತ್ತಿತ್ತು. ಫಾ‌ಲೆಟ್ ಇದಕ್ಕೆ ಸನ್ನಿವೇಶದ ನಿಯಮ ಎಂದರು: ಆಜ್ಞೆ ವ್ಯಕ್ತಿಯಿಂದ ಬರಬಾರದು, ಇಬ್ಬರೂ ಒಟ್ಟಿಗೆ ಸನ್ನಿವೇಶವನ್ನು ನೋಡಿ ಅದು ಕೇಳುವುದನ್ನು ಒಪ್ಪಿಕೊಳ್ಳಬೇಕು. ಇನ್ನೊಬ್ಬರ ಮೇಲಿನ ಬಲ ಬೇರೆ, ಇನ್ನೊಬ್ಬರ ಜೊತೆಗಿನ ಬಲ ಬೇರೆ ಎಂದೂ ಅವರು ಹೇಳಿದ್ದರು. ಎರಡನೆಯದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅಡಿಕೆ ಬೆಳೆಗಾರ ಒಬ್ಬನೇ ಚೀಲ ಹೊತ್ತು ವ್ಯಾಪಾರಿಯ ಮುಂದೆ ನಿಂತರೆ ಬೆಲೆ ಹೇಳುವವನು ವ್ಯಾಪಾರಿಯೇ. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕಾಧ್ಯಕ್ಷರಾಗಿ 1973ರಲ್ಲಿ ಅದು ಹುಟ್ಟಿದಾಗ ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಒಂದೇ ಸಂಸ್ಥೆಯೊಳಗೆ ತಂದಿತು. ಗಡಿಯ ಆಚೆಯವರೂ ಈಚೆಯವರೂ ಪರಸ್ಪರ ಪೈಪೋಟಿಗೆ ಬೀಳಬಹುದಿತ್ತು. ಬದಲು ಒಂದೇ ತಕ್ಕಡಿಯ ಮುಂದೆ ನಿಂತರು.

ಜಗಳ ಎನ್ನಬಾರದ ಜಗಳ

ಇಲ್ಲಿಯ ತನಕ ಹೇಳಿದ್ದೆಲ್ಲ ಸರಿಸಮಾನರ ನಡುವಿನ ಜಗಳಕ್ಕೆ. ಒಂದು ಬಗೆಯ ದೂರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಅದನ್ನು ತಪ್ಪಾಗಿ ಗುರುತಿಸುವ ನಾಯಕರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಒಬ್ಬ ಮಹಿಳೆ ಬಂದು "ಅವರು ನನ್ನೊಡನೆ ಹೀಗೆ ವರ್ತಿಸಿದರು" ಎಂದು ಹೇಳಿದರೆ ಅದು ಭಿನ್ನಾಭಿಪ್ರಾಯವಲ್ಲ. "ಇಬ್ಬರೂ ಕೂತು ಮಾತಾಡಿ ಸರಿಮಾಡಿಕೊಳ್ಳಿ" ಎಂದರೆ ಅದು ಎರಡನೇ ಅನ್ಯಾಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಂಥ ದೂರಿಗೆ ಬೇರೆಯೇ ದಾರಿ ಹಾಕಿಕೊಟ್ಟಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಮಹಿಳೆಯದು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು, ವಿಚಾರಣೆ 90 ದಿನದೊಳಗೆ ಮುಗಿಯಬೇಕು. ರಾಜಿಗೆ ಅವಕಾಶವಿದೆ, ಆದರೆ ದೂರು ಕೊಟ್ಟವಳೇ ಕೇಳಿದರೆ ಮಾತ್ರ, ಮತ್ತು ಹಣವನ್ನು ಅದರ ಆಧಾರ ಮಾಡುವಂತಿಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ಬರು ಮನೆಗೆ ಹೋಗಿ "ಸಂಘದ ಮಾನ ನೋಡಮ್ಮ" ಎಂದು ಕೇಳಿಕೊಳ್ಳುವುದು ಈ ಕಾಯ್ದೆಯ ಯಾವ ಸೆಕ್ಷನ್ನಿನಲ್ಲೂ ಇಲ್ಲ.

ಜಾತಿ ಹಿಡಿದು ಬೈಯುವುದು, ಹಣ ತಿನ್ನುವುದು ಕೂಡ ಹಾಗೆಯೇ. ಅವಕ್ಕೆ ದಾಖಲೆ ಮತ್ತು ತನಿಖೆ ಬೇಕು, ಮಧ್ಯಸ್ತಿಕೆಯ ಚಹಾ ಬೇಡ.

ಬಿಡಿಸಿದ ಮೇಲೆ

ಜಗಳ ಬಿಡಿಸುವಲ್ಲಿ ಎಲ್ಲರೂ ಮರೆಯುವ ಭಾಗ ಎರಡು ವಾರದ ನಂತರದ್ದು. ಒಪ್ಪಿಕೊಂಡದ್ದು ನಡೆಯುತ್ತಿದೆಯೇ ಎಂದು ಇಬ್ಬರನ್ನೂ ಕೇಳಬೇಕು, ಅದೂ ಬೇರೆ ಬೇರೆಯಾಗಿ. ಹೊಸ ತಂಡ ಕಟ್ಟಿದಾಗಲೂ ಹೀಗೆಯೇ. ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದಂತೆ, ಸೇರಿದ ಹೊಸತರಲ್ಲಿ ಎಲ್ಲರೂ ಸಭ್ಯರು, ಆಮೇಲೆ ಬಿರುಗಾಳಿ, ಅದು ದಾಟಿದ ಮೇಲೆ ನಿಯಮಗಳು ತಾವಾಗಿ ಕೂರುತ್ತವೆ, ಕೆಲಸ ಓಡುತ್ತದೆ. ಬಿರುಗಾಳಿಯ ಹೊತ್ತಿನಲ್ಲಿ "ಈ ತಂಡ ಸರಿಯಿಲ್ಲ" ಎಂದು ಜನರನ್ನು ಅತ್ತಿತ್ತ ವರ್ಗ ಮಾಡಿದರೆ ಮತ್ತೆ ಮೊದಲಿನಿಂದ.

ನಮ್ಮಲ್ಲಿ ಇಬ್ಬರ ಸಹಿಯ ಎಣಿಕೆ ಮೊದಲ ವಾರ ನಡೆಯಿತು, ಎರಡನೇ ವಾರ ಅಟೆಂಡರ್ ಎಣಿಸದೆ ಸಹಿ ಹಾಕಲು ಶುರು ಮಾಡಿದ. ಹೇಳಿದವರು ಅಕ್ಕ, ಚೇಟ್ಟನಲ್ಲ. ಕರೆದು ಕೂರಿಸಿ ನೋಟು ಎಣಿಸಿಯೇ ಸಹಿ ಹಾಕಿಸಿದೆ. ಅಟೆಂಡರ್ ಒಂದು ವಾರ ನನಗೆ ಚಹಾ ತಂದಿಡುವಾಗ ಲೋಟ ಕುಕ್ಕಿದ, ಅದು ಸಲ್ಲತಕ್ಕದ್ದೇ.

2023ರಲ್ಲಿ ಓಣಂ ಮೊದಲು ಬಂತು, ಆಗಸ್ಟ್ 29ಕ್ಕೆ. ಚೌತಿ ಸೆಪ್ಟೆಂಬರ್ ನಡುವಿಗೆ ಹೋಯಿತು. ರಜೆಯ ತಕರಾರು ಬರಲಿಕ್ಕೆ ಕಾರಣವೇ ಇರಲಿಲ್ಲ. ಪಿಂಚಣಿ ವಾರದ ಒಂದು ಮಧ್ಯಾಹ್ನ ಅಕ್ಕ ಮತ್ತು ಚೇಟ್ಟ ಇಬ್ಬರೂ ಒಟ್ಟಿಗೆ ನನ್ನ ಕೋಣೆಗೆ ಬಂದರು. ಅಕ್ಕನೇ ಮಾತಾಡಿದರು, ಚೇಟ್ಟ ಹಿಂದೆ ನಿಂತು ತಲೆಯಾಡಿಸುತ್ತಿದ್ದರು.

"ಸಾರ್, ನಾಲ್ಕೂವರೆಗೆ ನಾವು ಹಣ ಎಣಿಸುವ ಹೊತ್ತು ಅಂತ ನಿಮಗೆ ಗೊತ್ತುಂಟು. ಅದೇ ಹೊತ್ತಿಗೆ ಮೀಟಿಂಗ್ ಇಟ್ಟದ್ದು ಯಾರು?"

ಇಟ್ಟದ್ದು ನಾನೇ. ಮರುದಿನ ಹನ್ನೊಂದಕ್ಕೆ ಹಾಕಿದೆವು.